ಇದು ಎಷ್ಟನೇ ಮೆಟ್ಟಿಲು?

ಮೂಳೆ ಡಾಕ್ಟರು ನನ್ನ ಮೊಣಕಾಲಿನ ಎಕ್ಸ್-ರೇಯನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿ, ಹಳೆಯ ಮನೆಯ ಗೋಡೆ ನೋಡಲು ಬಂದ ಮೇಸ್ತ್ರಿಯ ಹಾಗೆ ತಲೆ ಆಡಿಸಿದರು. “ಸವೆದಿದೆ. ಇನ್ನು ಮೇಲೆ ಮೆಟ್ಟಿಲು ಹತ್ತೋದು ಇಳಿಯೋದು, ಚಕ್ಕಳಮಕ್ಕಳ ಹಾಕಿ ಕೂರೋದು, ಎಲ್ಲ ಬಿಟ್ಬಿಡಿ” ಎಂದರು. ಈ ಉಪದೇಶ ಕೇಳುವುದಕ್ಕೆ ನಾನು ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದೆ. ಅವರ ಕ್ಲಿನಿಕ್ಕು ಮೊದಲ ಮಹಡಿಯಲ್ಲಿತ್ತು, ಲಿಫ್ಟು ಇರಲಿಲ್ಲ. ವಾಪಸು ಬರುವಾಗ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೆರಡು ಕಾಲು ಊರಿ, ಹೊಸದಾಗಿ ನಡೆಯಲು ಕಲಿತ ಕೂಸಿನ ಹಾಗೆ ಇಳಿದೆ.

ಮನೆಗೆ ಬಂದು ಲೆಕ್ಕ ಹಾಕಿದರೆ, ನನಗೆ ಪರಿಚಯವಿರುವ ದೇವರುಗಳಲ್ಲಿ ಮುಕ್ಕಾಲು ಪಾಲು ಮಹಡಿಯ ಮೇಲೆಯೇ ವಾಸ. ಚಾಮುಂಡಿ ಬೆಟ್ಟದ ಮೇಲೆ, ಮೇಲುಕೋಟೆಯ ಯೋಗನರಸಿಂಹ ಬೆಟ್ಟದ ಮೇಲೆ, ತಿಮ್ಮಪ್ಪನಂತೂ ಏಳು ಬೆಟ್ಟದ ಮೇಲೆ. ಆಂಜನೇಯನದು ಇನ್ನೂ ಅನ್ಯಾಯ. ತಾನು ಒಂದೇ ನೆಗೆತಕ್ಕೆ ಸಮುದ್ರ ದಾಟಿದವನು, ಆನೆಗೊಂದಿಯ ಹತ್ತಿರದ ಅಂಜನಾದ್ರಿಯಲ್ಲಿ ನಮ್ಮ ಕೈಲಿ 575 ಮೆಟ್ಟಿಲು ಹತ್ತಿಸುತ್ತಾನೆ! ಇನ್ನು ನನಗೆ ನೆಲದ ಮೇಲಿರುವ ನಂಜನಗೂಡಿನ ನಂಜುಂಡನೇ ಗತಿ ಎಂದುಕೊಂಡೆ. ಅವನು ವೈದ್ಯನೂ ಹೌದು. ಟಿಪ್ಪು ಅವನನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದು ಹೇಳುತ್ತಾರೆ. ಅವನ ಕ್ಲಿನಿಕ್ಕಿಗೆ ಮಹಡಿ ಹತ್ತಬೇಕಾಗಿಲ್ಲ.

ಬಿಡಬೇಕು ಎಂದಾಗಲೇ ಅಲ್ಲವೆ ಒಂದು ವಸ್ತು ಎಷ್ಟು ಅಂಟಿಕೊಂಡಿದೆ ಎಂದು ಗೊತ್ತಾಗುವುದು. ಮೆಟ್ಟಿಲು ಬಿಟ್ಟರೆ ನಮ್ಮ ಮಾತೇ ನಡೆಯುವುದಿಲ್ಲ. ಓದದವನು ಶಾಲೆಯ ಮೆಟ್ಟಿಲು ಹತ್ತದವನು. ದಾಯಾದಿಗಳ ಜಗಳ ಕೋರ್ಟು ಮೆಟ್ಟಿಲು ಹತ್ತುತ್ತದೆ. ಮರ್ಯಾದಸ್ಥ ಮನೆತನ ಎಂದರೆ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ತುಳಿಯದ ಮನೆತನ. ಮಾತು ಮುರಿದರೆ “ಇನ್ನು ನಿಮ್ಮ ಮನೆ ಮೆಟ್ಟಿಲು ತುಳಿಯಲ್ಲ” ಎನ್ನುತ್ತೇವೆ. ಮೆಟ್ಟುವುದು ಎಂದರೆ ತುಳಿಯುವುದು. ಕಾಲಿಗೆ ಹಾಕಿಕೊಳ್ಳುವ ಚಪ್ಪಲಿಯೂ ಮೆಟ್ಟೇ, ವೀಣೆಯಲ್ಲಿ ಬೆರಳು ನಡೆದಾಡುವ ಇಪ್ಪತ್ನಾಲ್ಕು ಮನೆಗಳೂ ಮೆಟ್ಟಿಲೇ, ಹಿಡಿದು ಬಿಡದ ದೆವ್ವ ಮಾಡುವುದೂ ಮೆಟ್ಟಿಕೊಳ್ಳುವುದೇ. ಹೀಗೆ ತುಳಿಸಿಕೊಳ್ಳುವುದನ್ನೇ ಹೆಸರಾಗಿ ಪಡೆದ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಕೈ ಮುಗಿಯುವುದು ಏಕೆ ಎಂಬ ಪ್ರಶ್ನೆ ನನಗೆ ಮೊದಲು ಹುಟ್ಟಿದ್ದು ಎಸ್ಸೆಸ್ಸೆಲ್ಸಿ ಮುಗಿದ ವರ್ಷ.

ಆ ವರ್ಷ ನಾನು ಗಣಿತದಲ್ಲಿ ಪಾಸಾಗುವುದಿಲ್ಲ ಎಂಬ ವಿಷಯದಲ್ಲಿ ಮನೆಯವರಿಗೂ ಮೇಷ್ಟರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ನನ್ನ ಸೋದರತ್ತೆ ಒಬ್ಬಳೇ ನಂಬಿಕೆ ಬಿಡದೆ ಚಾಮುಂಡಿಗೆ ಹರಕೆ ಹೊತ್ತಳು. ಹುಡುಗ ಗಣಿತದಲ್ಲಿ ಪಾಸಾದರೆ ಬೆಟ್ಟದ ಅಷ್ಟೂ ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುತ್ತಾನೆ ಎಂದು. ಹೊತ್ತವಳು ಅವಳು, ತೀರಿಸಬೇಕಾದವನು ನಾನು. ಪಾಸಾಗಲು ಮೂವತ್ತೈದು ಬೇಕಿತ್ತು, ಮೂವತ್ತಾರು ಬಂತು. “ನೋಡಿದೆಯಾ, ತಾಯಿ ಒಂದು ಕೊಸರೂ ಹಾಕಿದ್ದಾಳೆ” ಎಂದಳು ಅತ್ತೆ.

ಜೂನ್ ತಿಂಗಳ ಒಂದು ಮಂಗಳವಾರ, ಬೆಳಕು ಹರಿಯುವ ಮೊದಲೇ ಬೆಟ್ಟದ ಪಾದದಲ್ಲಿದ್ದೆವು. ಅತ್ತೆಯ ಕೈಯಲ್ಲಿ ಎರಡು ಹಿತ್ತಾಳೆ ಬಟ್ಟಲು, ಒಂದರಲ್ಲಿ ಕಲಸಿದ ಅರಿಸಿನ, ಇನ್ನೊಂದರಲ್ಲಿ ಕುಂಕುಮ. ನನ್ನ ಹೆಗಲ ಚೀಲದಲ್ಲಿ ಕರ್ಪೂರ, ಬೆಂಕಿಪೊಟ್ಟಣ, ಡಬ್ಬಿ ತುಂಬ ಚಿತ್ರಾನ್ನ. ಅವಳು ಮೆಟ್ಟಿಲಿನ ಮೇಲೆ ಅರಿಸಿನದ ಬೊಟ್ಟು ಇಡಬೇಕು, ನಾನು ಅದರ ಮೇಲೆ ಕುಂಕುಮ ಇಡಬೇಕು. ಗಣಿತದಲ್ಲಿ ಆಗತಾನೆ ಪಾಸಾದವನಾದ್ದರಿಂದ ಎಣಿಸುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ.

ಮೊದಲ ಐವತ್ತು ಮೆಟ್ಟಿಲು ಆಟದ ಹಾಗೆ ಕಳೆದವು. ನೂರಾಗುವಷ್ಟರಲ್ಲಿ ಒಂದು ಸಂಗತಿ ತಿಳಿಯಿತು. ಹತ್ತುವುದು ಕಷ್ಟವಲ್ಲ, ಬಗ್ಗುವುದು ಕಷ್ಟ. ಒಂದು ಸಾವಿರ ಸಲ ಬಗ್ಗಬೇಕಾದವನಿಗೆ ಬೆಟ್ಟ ಕಾಣುವುದೇ ಇಲ್ಲ. ಕಾಣುವುದು ಮೂಗಿನ ಮುಂದಿನ ಕಲ್ಲು ಮಾತ್ರ. ಉಳಿಯ ಏಟಿನ ಗುರುತು, ಮುಕ್ಕಾದ ಅಂಚು, ಸಂದಿಯಲ್ಲಿ ಸಾಲು ಹೊರಟ ಇರುವೆ, ಯಾರೋ ನಿನ್ನೆ ಹಚ್ಚಿ ಹೋದ ಕುಂಕುಮದ ಮೇಲೆ ನಮ್ಮ ಇವತ್ತಿನ ಕುಂಕುಮ. ಎರಡು ಮೆಟ್ಟಿಲು ಒಂದೇ ಎತ್ತರವಿಲ್ಲ. ಕೆಲವು ಗೇಣುದ್ದ, ಕೆಲವು ಮೊಣಕಾಲುದ್ದ. ಹೋದ ಸಲ ಎತ್ತಿದಷ್ಟೇ ಕಾಲೆತ್ತಿದರೆ ಎಡವುವುದು ಖಂಡಿತ. ಕಾಲಿಗೆ ಗಮನ ಕೊಡದೆ ಮನಸ್ಸು ಬೇರೆಲ್ಲಿಗೂ ಹೋಗುವ ಹಾಗಿಲ್ಲ. ಧ್ಯಾನ ಎಂದರೆ ಇದೇ ಎಂದು ಯಾರಾದರೂ ಅವತ್ತು ಹೇಳಿದ್ದರೆ, ಇನ್ನೂ ಸುಲಭದ ಧ್ಯಾನ ಯಾವುದಾದರೂ ಇದೆಯೇ ಎಂದು ಕೇಳುತ್ತಿದ್ದೆ.

ಇನ್ನೂರರ ಆಸುಪಾಸಿನಲ್ಲಿ ವ್ಯಾಯಾಮಕ್ಕೆ ಬಂದ ಹುಡುಗರಿಬ್ಬರು ಎರಡೆರಡು ಮೆಟ್ಟಿಲು ಹಾರುತ್ತಾ ಹೋದರು. ನಾವು ಹಚ್ಚಿದ ಎಷ್ಟೋ ಬೊಟ್ಟು ಅವರ ಕಾಲಿಗೆ ತಗುಲಿ ಅಳಿಸಿದವು. “ಅತ್ತೆ, ನೋಡು, ತುಳ್ಕೊಂಡು ಹೋಗ್ತಾ ಇದಾರೆ” ಎಂದು ಕೂಗಿದೆ. ಅವಳು ತಲೆಯೆತ್ತಲಿಲ್ಲ. “ನೀನು ಮುಂದಿನದಕ್ಕೆ ಹಚ್ಚು” ಎಂದಳು.

ಮನೆಯಲ್ಲಿ ಇದೇ ಅತ್ತೆ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಹಚ್ಚುವವಳು. ಅದನ್ನು ಯಾರಾದರೂ ಮೆಟ್ಟಿದರೆ ಮನೆಯೇ ಅದುರುವ ಹಾಗೆ ಗದರುವವಳು. ಅದೇ ಅರಿಸಿನ, ಅದೇ ಕುಂಕುಮ. ಅಲ್ಲಿ ತುಳಿದರೆ ಪಾಪ, ಇಲ್ಲಿ ತುಳಿಯದೆ ದಾರಿಯಿಲ್ಲ. ಉಸಿರು ಸುಧಾರಿಸಿಕೊಳ್ಳಲು ಕೂತಾಗ ಇದನ್ನು ಕೇಳಿದೆ. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಹೊಸ್ತಿಲು ಮನೇದು ಕಣೋ. ಮೆಟ್ಟಿಲು ಊರಿಂದು” ಎಂದಳು. ಆಗ ಅದು ಉತ್ತರ ಎನ್ನಿಸಲಿಲ್ಲ.

ಈ ಮೆಟ್ಟಿಲುಗಳನ್ನು ಕಟ್ಟಿಸಿದವರು ದೊಡ್ಡ ದೇವರಾಜ ಒಡೆಯರು. ಅವರು ಆಳಿದ್ದು 1659ರಿಂದ 1673ರವರೆಗೆ. ದಾರಿಯ ಮೂರನೆಯ ಎರಡು ಭಾಗ ಹತ್ತಿದ ಮೇಲೆ ಸಿಗುವ, ಒಂದೇ ಬಂಡೆಯಲ್ಲಿ ಕಡೆದ ನಂದಿಯೂ ಅವರ ಕಾಲದ್ದೇ. ಇಂದು ಊರಿಗೆಲ್ಲ ಕಾಣುವ ದೇವಸ್ಥಾನದ ಗೋಪುರ ಎದ್ದದ್ದು 1827ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಎಂದರೆ ಮೆಟ್ಟಿಲಿಗೂ ಗೋಪುರಕ್ಕೂ ನಡುವೆ ಒಂದೂವರೆ ಶತಮಾನ. ದೂರದಿಂದ ಕಣ್ಣು ಸೆಳೆಯುವುದು ಆಮೇಲೆ ಬಂತು, ಮೊದಲು ಬಂದದ್ದು ಕಾಲಿಗೆ ಬೇಕಾದದ್ದು. ರಾಜರು ಮಾಡಿದ ಕೆಲಸಗಳಲ್ಲಿ ಇಷ್ಟು ನೇರವಾಗಿ ಜನರ ಕಾಲಡಿಗೆ ಬಂದದ್ದು ಕಡಿಮೆ. ಹತ್ತುವವರಲ್ಲಿ ಅವರ ಹೆಸರು ಗೊತ್ತಿರುವವರೂ ಕಡಿಮೆ. ಕಲ್ಲು ಹೊತ್ತವರ, ಕಡಿದವರ ಹೆಸರಂತೂ ಕೇಳುವುದೇ ಬೇಡ.

ನಂದಿಯ ಹತ್ತಿರ ಚಿತ್ರಾನ್ನ ತಿಂದೆವು. ಸುಮಾರು ಹದಿನೈದು ಅಡಿ ಎತ್ತರದ ಕರಿ ನಂದಿ, ಕೊರಳಲ್ಲಿ ಕಲ್ಲಿನದೇ ಗಂಟೆಸರ, ಕಣ್ಣಲ್ಲಿ ಯಾವ ಅವಸರವೂ ಇಲ್ಲ. ಎದ್ದು ಹತ್ತಿ ಮೇಲೆ ಮುಟ್ಟಿದಾಗ ನನ್ನ ಲೆಕ್ಕ ಸಾವಿರದ ಒಂದಕ್ಕೆ ನಿಂತಿತ್ತು. ಹೂವು ಮಾರುವವಳು ಸಾವಿರದ ಎಂಟು ಎಂದಳು. ಪಕ್ಕದಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದವನು, ಸಾವಿರ ತುಂಬುವುದೇ ಇಲ್ಲ, ನಾನು ದಿನಾ ಹತ್ತುವವನು ಎಂದ. ನಾನು ಜಗಳಕ್ಕೆ ನಿಂತೆ. “ಮೂವತ್ತಾರು ತಗೊಂಡವನ ಲೆಕ್ಕ ಅದು, ಬಿಡಿ” ಎಂದು ಅತ್ತೆ ಎಲ್ಲರ ಮುಂದೆ ಮಾನ ಕಳೆದಳು. ನಿನ್ನ ಲೆಕ್ಕ ಎಷ್ಟು ಎಂದು ಕೇಳಿದೆ. “ನಾನು ಎಣಿಸಲೇ ಇಲ್ಲ. ಒಂದೊಂದಕ್ಕೂ ಚಾಮುಂಡಿ ಅಂದೆ. ಅವಳಿಗೆ ಗೊತ್ತಿರುತ್ತೆ.” ಆಮೇಲೆ ಸರತಿಯಲ್ಲಿ ನಿಂತು ದೇವಿಯನ್ನು ನೋಡಿದೆವು. ನೋಡಿದೆವು ಎನ್ನುವಷ್ಟರಲ್ಲಿ “ಮುಂದೆ ನಡೀರಿ” ಎಂಬ ಕೂಗು ನಮ್ಮನ್ನು ಹೊರಗೆ ತಂದು ಬಿಟ್ಟಿತ್ತು. ತಾಯಿಯೊಡನೆ ಕಳೆದದ್ದು ಎರಡು ಕ್ಷಣ, ಮೆಟ್ಟಿಲೊಡನೆ ಕಳೆದದ್ದು ನಾಲ್ಕು ಗಂಟೆ.

ಮೆಟ್ಟಿಲಿನ ಲೆಕ್ಕಕ್ಕೆ ಅರ್ಥ ಹೇಳುವವರು ಆಮೇಲೆ ಬಹಳ ಜನ ಸಿಕ್ಕರು. ನಮ್ಮ ಬೀದಿಯ ಗುರುಸ್ವಾಮಿಯೊಬ್ಬರು ಶಬರಿಮಲೆಯ ಹದಿನೆಂಟು ಮೆಟ್ಟಿಲನ್ನು ಬೆರಳು ಮಡಿಸಿ ಹೇಳಿಕೊಟ್ಟಿದ್ದರು. ಮೊದಲ ಐದು ಇಂದ್ರಿಯಗಳು. ಆಮೇಲಿನ ಎಂಟು ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ, ಅಸೂಯೆ, ಡಂಭ. ಮುಂದಿನ ಮೂರು ಸತ್ವ, ರಜ, ತಮ. ಕಡೆಯ ಎರಡು ವಿದ್ಯೆ, ಅವಿದ್ಯೆ. ಮೊತ್ತ ಹದಿನೆಂಟು. ಇನ್ನೊಬ್ಬರು, ಅಲ್ಲ, ಅವು ಹದಿನೆಂಟು ಪುರಾಣಗಳು ಎಂದರು. ಮತ್ತೊಬ್ಬರು ಗೀತೆಯ ಅಧ್ಯಾಯಗಳು ಎಂದರು. ಸುತ್ತಲಿನ ಹದಿನೆಂಟು ಬೆಟ್ಟಗಳು ಎನ್ನುವವರೂ ಇದ್ದಾರೆ. ಗಣಿತದಲ್ಲಿ ಮೂವತ್ತಾರು ತೆಗೆದವನಿಗೂ ಇಲ್ಲಿ ಏನೋ ತಿರುವುಮುರುವಾಗಿದೆ ಅನ್ನಿಸುತ್ತದೆ. ಉತ್ತರ ಮೊದಲೇ ಇದೆ, ಲೆಕ್ಕ ಆಮೇಲೆ ಬಂದಿದೆ.

ಹಾಗೆಂದು ಅದನ್ನು ಸುಳ್ಳು ಎನ್ನಲಾರೆ. ಯಾವುದಾದರೂ ಹದಿನೆಂಟನ್ನು ಬಿಡಬೇಕು ಎಂಬ ಆಸೆ ನಿಜವಾದದ್ದೇ. ಆದರೆ ನಾನು ಗುರುಸ್ವಾಮಿಯನ್ನು ಕೇಳಿದ್ದು ಬೇರೆ: “ಹತ್ತುವಾಗ ಇದೆಲ್ಲ ನೆನಪಾಗುತ್ತದೆಯೇ?” ಅವರು ನಕ್ಕರು. ಇರುಮುಡಿ ತಲೆಯ ಮೇಲೆ, ಹಿಂದಿನಿಂದ ಜನಸಾಗರ, ಎರಡೂ ಕಡೆ ನಿಂತ ಪೊಲೀಸರು ತೋಳು ಹಿಡಿದು ಒಬ್ಬೊಬ್ಬರನ್ನೇ ಮೇಲೆತ್ತುತ್ತಿರುತ್ತಾರೆ. ಕಾಮ ಬಿಡುವಷ್ಟರಲ್ಲಿ ಡಂಭ ದಾಟಿ ಹೋಗಿರುತ್ತದೆ. “ಮತ್ತೆ ಏನು ನೆನಪಿದೆ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಂಡಿ ನಡುಗಿದ್ದು” ಎಂದರು.

ಆ ಮೆಟ್ಟಿಲುಗಳು ಮೊದಲು ಬರಿಯ ಕಲ್ಲು. ಎಷ್ಟನೆಯ ಯಾತ್ರೆಯೋ ಅಷ್ಟನೆಯ ಮೆಟ್ಟಿಲಿಗೆ ತೆಂಗಿನಕಾಯಿ ಒಡೆಯುವ ವಾಡಿಕೆಯಿತ್ತು. ಒಡೆದು ಒಡೆದು ಕಲ್ಲೇ ಜಖಂ ಆದಾಗ, 1985ರಲ್ಲಿ ಅವಕ್ಕೆ ಪಂಚಲೋಹದ ಹೊದಿಕೆ ಹಾಕಿದರು. ಭಕ್ತಿಯಿಂದ ಮೆಟ್ಟಿಲನ್ನು ಕಾಪಾಡಲು ಕವಚ ತೊಡಿಸಬೇಕಾಯಿತು ಎನ್ನುವುದು ಯಾವ ಸಾಂಕೇತಿಕ ಅರ್ಥಕ್ಕಿಂತಲೂ ನನಗೆ ಹೆಚ್ಚು ಹೇಳುತ್ತದೆ.

ಮೆಟ್ಟಿಲು ಊರಿಂದು ಎಂದ ಅತ್ತೆಯ ಮಾತಿನಲ್ಲಿ ಒಂದು ಬಿರುಕೂ ಇದೆ. ಎಲ್ಲ ಊರಿನ ಮೆಟ್ಟಿಲೂ ಎಲ್ಲರದೂ ಆಗಿರಲಿಲ್ಲ. ಶಬರಿಮಲೆ ಸೇರಿದ್ದ ತಿರುವಾಂಕೂರಿನಲ್ಲಿ ಸರ್ಕಾರಕ್ಕೆ ಸೇರಿದ ದೇವಸ್ಥಾನಗಳ ಬಾಗಿಲು ಎಲ್ಲ ಜಾತಿಯ ಹಿಂದೂಗಳಿಗೂ ತೆರೆದದ್ದು 1936ರ ನವೆಂಬರಿನ ಘೋಷಣೆಯ ನಂತರ. ಕಲ್ಲು ಯಾವ ಪಾದವನ್ನೂ ಬೇಡ ಎಂದಿರಲಿಲ್ಲ. ಬೇಡ ಎಂದವರು ಮೇಲೆ ನಿಂತಿದ್ದವರು. ಮೆಟ್ಟಿಲು ಹತ್ತಿದ ಮಾತ್ರಕ್ಕೆ ಮನುಷ್ಯ ಎತ್ತರವಾಗುತ್ತಾನೆ ಎಂಬ ಮಾತನ್ನು ನಂಬದಿರಲು ಇದೊಂದೇ ಸಾಕು.

ಹಾಗಾದರೆ ಹತ್ತುವುದರಿಂದ ಏನಾಗುತ್ತದೆ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ತಿರುಮಲೆಯ ದಾರಿಯಲ್ಲಿ. ಅಲಿಪಿರಿಯಿಂದ ಹೊರಟರೆ ಸುಮಾರು 3,550 ಮೆಟ್ಟಿಲು. ನಮ್ಮ ಕಡೆಯ ಭಜನಾ ಮಂಡಳಿಗಳು ತಾಳ ಹಾಕಿ ದೇವರನಾಮ ಹೇಳುತ್ತಾ ಹತ್ತುವ ದಾರಿ ಅದು. ಬಾಗಿ ಬಾಗಿ ಮೆಟ್ಟಿಲಿಗೆ ಕುಂಕುಮವಿಟ್ಟು ಕರ್ಪೂರ ಹಚ್ಚುವ ಹೆಂಗಸರನ್ನು ಕಂಡಾಗ ಪ್ರತಿಯೊಬ್ಬರಲ್ಲೂ ಅತ್ತೆ ಕಾಣುತ್ತಿದ್ದಳು. ಮೇಲೆ ಹೋದಂತೆ ಒಂದು ಕಡಿದಾದ ಜಾಗ ಬರುತ್ತದೆ. ತೆಲುಗಿನಲ್ಲಿ ಮೊಣಕಾಲಿಗೆ ಮೋಕಾಲು. ಈ ಏರಿಗೂ ಮೊಣಕಾಲಿನದೇ ಹೆಸರು. ಬೆಟ್ಟವೇ ಆದಿಶೇಷನೆಂದು ಭಾವಿಸಿದ ರಾಮಾನುಜಾಚಾರ್ಯರು ಅದರ ಮೇಲೆ ಪಾದ ಊರಲು ಮನಸ್ಸಾಗದೆ ಮಂಡಿಯಲ್ಲೇ ಹತ್ತಿದರೆಂದು ಐತಿಹ್ಯ. ನಮ್ಮ ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದವರು ಅವರು. ಬೆಟ್ಟ ಅವರಿಗೆ ಹೊಸದಲ್ಲ. ಆ ಏರಿನಲ್ಲಿ ಕೈಯಿಂದ ತೊಡೆ ಒತ್ತಿ ಒಂದೊಂದೇ ಹೆಜ್ಜೆ ಇಡುತ್ತಿದ್ದಾಗ ಹೊಳೆಯಿತು: ಮೊಣಕಾಲು ಬಗ್ಗದೆ ಯಾರೂ ಒಂದು ಮೆಟ್ಟಿಲನ್ನೂ ಹತ್ತಲಾರರು. ಏರುವುದಕ್ಕೂ ಎರಗುವುದಕ್ಕೂ ದೇಹದಲ್ಲಿ ಇರುವುದು ಒಂದೇ ಕೀಲು. ದೇವರ ಮುಂದೆ ನಿಂತು ಒಂದು ನಮಸ್ಕಾರ ಮಾಡಲು ಸಂಕೋಚಪಡುವವನ ಕೈಲೂ ಬೆಟ್ಟ ಮೂರೂವರೆ ಸಾವಿರ ನಮಸ್ಕಾರ ಮಾಡಿಸಿಕೊಂಡುಬಿಟ್ಟಿರುತ್ತದೆ, ಅವನಿಗೇ ತಿಳಿಯದ ಹಾಗೆ.

ಅದೇ ಬೆಟ್ಟದ ಮೇಲೆ ಮೆಟ್ಟಿಲಾಗಲು ಹಂಬಲಿಸಿದವನೂ ಒಬ್ಬನಿದ್ದಾನೆ. ವಿಷ್ಣುಭಕ್ತ ಕವಿಗಳಾದ ಆಳ್ವಾರರಲ್ಲಿ ಒಬ್ಬ, ಕುಲಶೇಖರನೆಂಬ ಅರಸ. ರಾಜ್ಯ ಬೇಡ, ಸ್ವರ್ಗ ಬೇಡ, ನಿನ್ನ ಗುಡಿಯ ಮೆಟ್ಟಿಲಾಗಿ ಬಿದ್ದಿರುತ್ತೇನೆ, ನಿನ್ನವರು ತುಳಿದುಕೊಂಡು ಓಡಾಡಲಿ, ನಾನು ನಿನ್ನ ಬಾಯನ್ನು ನೋಡುತ್ತಿರುತ್ತೇನೆ ಎಂಬುದು ಅವನ ಬೇಡಿಕೆಯ ಸಾರ. ಮೇಲೆ ಹತ್ತಬೇಕೆಂದು ಕೇಳಿಕೊಂಡವರು ಲೋಕದಲ್ಲಿ ಕೋಟಿ ಇರಬಹುದು. ಹತ್ತುವವರ ಕಾಲ ಕೆಳಗೆ ಇರಬೇಕೆಂದು ಕೇಳಿದ ಅರಸ ಇನ್ನೊಬ್ಬ ಇದ್ದಂತಿಲ್ಲ. ವೈಷ್ಣವರು ಗರ್ಭಗುಡಿಯ ಹೊಸ್ತಿಲಿಗೆ ಅವನ ಹೆಸರನ್ನೇ ಇಟ್ಟರು, ‘ಕುಲಶೇಖರ ಪಡಿ’ ಎಂದು. ತಮಿಳಿನಲ್ಲಿ ಪಡಿ ಎಂದರೆ ಮೆಟ್ಟಿಲು. ಆದರೆ ನೋಡಿ, ಆ ಪಡಿಯನ್ನು ದಾಟುವ ಅಧಿಕಾರ ಅರ್ಚಕರಂಥ ಕೆಲವರಿಗೆ ಮಾತ್ರ. ಎಲ್ಲರೂ ತುಳಿಯಲಿ ಎಂದು ಬೇಡಿದವನನ್ನು ಯಾರೂ ತುಳಿಯದ ಜಾಗದಲ್ಲಿ ಕೂರಿಸಿ ಗೌರವಿಸಿದೆವು. ಅವನು ಕೇಳಿದ್ದು ಮೆಟ್ಟಿಲು, ನಾವು ಕೊಟ್ಟಿದ್ದು ಹೊಸ್ತಿಲು. ಅತ್ತೆಯ ಮಾತು ಉತ್ತರವೇ ಆಗಿತ್ತು ಎಂದು ನನಗೆ ಅರ್ಥವಾದದ್ದು ಇಲ್ಲಿಗೆ ಬಂದ ಮೇಲೆ.

ಮೆಟ್ಟಿಲೆಂದರೆ ಮೇಲೆ ಹೋಗುವುದೇ ಎಂದುಕೊಳ್ಳುವುದೂ ಪೂರ್ತಿ ಸರಿಯಲ್ಲ. ದೇವರು ಮೇಲಿದ್ದರೆ ನೀರು ಕೆಳಗಿದೆ. ಹಂಪಿಯಲ್ಲಿ ಮಹಾನವಮಿ ದಿಬ್ಬದ ಹತ್ತಿರ ಒಂದು ಮೆಟ್ಟಿಲು ಕೊಳವಿದೆ. 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದು ಬಂದದ್ದು. ಕರಿಕಲ್ಲಿನ ಚೊಕ್ಕ ಮೆಟ್ಟಿಲುಗಳು ನಾಲ್ಕೂ ಕಡೆಯಿಂದ ನೀರಿನ ಕಡೆಗೆ ಚಿಕ್ಕದಾಗುತ್ತಾ ಇಳಿಯುತ್ತವೆ. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಅಕ್ಷರ, ಅಂಕಿ. ಯಾವ ಕಲ್ಲು ಯಾವ ಸಾಲಿಗೆ ಎಂದು ಕಲ್ಲುಕುಟಿಗರು ಹಾಕಿಕೊಂಡ ಗುರುತುಗಳು. ನನ್ನ ಜೀವನದಲ್ಲಿ ಕಂಡ, ಲೆಕ್ಕದ ಬಗ್ಗೆ ಜಗಳಕ್ಕೆ ಆಸ್ಪದವೇ ಇಲ್ಲದ ಮೆಟ್ಟಿಲು ಇವು ಮಾತ್ರ. ಅಲ್ಲಿ ನಿಂತಾಗ, ಬೆಟ್ಟಕ್ಕೆ ಬಂದವನು ಮೊದಲು ಕಲ್ಯಾಣಿಗೆ ಇಳಿದು ಕಾಲು ತೊಳೆದೇ ಮೇಲೆ ಹತ್ತಬೇಕೆಂಬ ಹಳೆಯ ಕ್ರಮ ನೆನಪಾಯಿತು. ಇಳಿಯಲು ಬಾರದವನಿಗೆ ಹತ್ತುವ ಪಾಠ ಶುರುವಾಗುವುದಿಲ್ಲ.

ಇಳಿಯುವುದು ಎಷ್ಟು ಕಷ್ಟ ಎಂದು ಮೊಣಕಾಲು ಸವೆದವರನ್ನು ಕೇಳಬೇಕು. ಹತ್ತುವಾಗ ಉಸಿರು ದೂರುತ್ತದೆ, ಇಳಿಯುವಾಗ ಮೂಳೆ ದೂರುತ್ತದೆ. ಹತ್ತುವಾಗ ಹರಕೆ ಇರುತ್ತದೆ, ಗೋವಿಂದ ಇರುತ್ತಾನೆ, ಮೇಲೊಂದು ಗೋಪುರ ಕಾಣುತ್ತಿರುತ್ತದೆ. ಇಳಿಯುವವನ ಎದುರಿಗೆ ಇರುವುದು ಅವನು ಬಿಟ್ಟು ಬಂದ ಊರು, ಬಾಡಿಗೆ, ಬಸ್ಸು. ಅದಕ್ಕೇ ಇರಬೇಕು, ಇಳಿಯುವ ಮೆಟ್ಟಿಲಿಗೆ ಯಾರೂ ಕುಂಕುಮ ಹಚ್ಚುವುದಿಲ್ಲ.

ಕಳೆದ ಆಷಾಢ ಮುಗಿದು ಜಂಗುಳಿ ಕಡಿಮೆಯಾದ ಮೇಲೆ, ಎಂಬತ್ತು ದಾಟಿದ ಅತ್ತೆ ಬೆಟ್ಟಕ್ಕೆ ಹೋಗಬೇಕು ಎಂದಳು. ಅವಳ ಮಂಡಿ ನನ್ನ ಮಂಡಿಗಿಂತ ಇಪ್ಪತ್ತೈದು ವರ್ಷ ಮೊದಲು ಸವೆದದ್ದು. ಇಬ್ಬರೂ 201 ನಂಬರಿನ ಬಸ್ಸು ಹತ್ತಿದೆವು. ಬಸ್ಸಿನ ಮೂರು ಮೆಟ್ಟಿಲಿಗೇ ಕಂಡಕ್ಟರು ಕೈ ಕೊಡಬೇಕಾಯಿತು. ಅರ್ಧ ಗಂಟೆಯಲ್ಲಿ ಮೇಲಿದ್ದೆವು. ಸರತಿ, ಮಂಗಳಾರತಿ, “ಮುಂದೆ ನಡೀರಿ”. ಹೊರಗೆ ಬಂದ ಮೇಲೆ ಅತ್ತೆ ಬಸ್ಸಿನ ಕಡೆ ತಿರುಗಲಿಲ್ಲ. “ಮೆಟ್ಟಿಲು ಎಲ್ಲಿದೆ?” ಎಂದಳು.

ಅಂಗಡಿ ಸಾಲು ದಾಟಿ, ಕೆಳಗಿನಿಂದ ಬಂದ ಮೆಟ್ಟಿಲು ಮುಗಿಯುವ ಜಾಗಕ್ಕೆ ಕರೆದುಕೊಂಡು ಹೋದೆ. ಅವಳು ಸೊಂಟದಿಂದ ಪುಟ್ಟ ಭರಣಿ ತೆಗೆದಳು. ಬಗ್ಗಲು ಅವಳಿಗೂ ಆಗದು, ನನಗೂ ಆಗದು. ಕೊನೆಗೆ ಇಬ್ಬರೂ ಮೇಲಿನ ಕಟ್ಟೆ ಹಿಡಿದು ಮೆಲ್ಲಗೆ ಕೂತೇಬಿಟ್ಟೆವು, ಮೆಟ್ಟಿಲಿನ ಮೇಲೆಯೇ, ಮೈಸೂರಿನ ಕಡೆಗೆ ಮುಖ ಮಾಡಿ. ಕೂತ ಮೇಲೆ ಕಾಲ ಬಳಿಯ ಮೆಟ್ಟಿಲು ಕೈಗೆ ತಾನಾಗಿ ಎಟುಕಿತು. ಅತ್ತೆ ಅರಿಸಿನದ ಬೊಟ್ಟಿಟ್ಟಳು, ನಾನು ಅದರ ಮೇಲೆ ಕುಂಕುಮ ಇಟ್ಟೆ.

“ಅವತ್ತು ಸಾವಿರದ ಒಂದು ಅಂತ ಜಗಳ ಆಡಿದ್ದೆಯಲ್ಲ, ಇದು ಎಷ್ಟನೇದು?” ಎಂದಳು.

“ಇಲ್ಲಿಂದ ಎಣಿಸಿದರೆ ಒಂದನೇದು” ಎಂದೆ.

ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಹುಡುಗ ಬರಿಗಾಲಲ್ಲಿ ಏದುಸಿರು ಬಿಡುತ್ತಾ ಬಂದು, ನಮ್ಮನ್ನು ಬಳಸಿಕೊಂಡು, ಆ ಹಸಿ ಕುಂಕುಮದ ಮೇಲೇ ಕಾಲಿಟ್ಟು ದಾಟಿದ. ನನ್ನ ಬಾಯಿಗೆ ಹಳೆಯ ಮಾತೇ ಬಂತು: “ಅತ್ತೆ, ತುಳ್ಕೊಂಡು ಹೋದ ನೋಡು.”

ಅತ್ತೆ ಭರಣಿಯ ಮುಚ್ಚಳ ತಿರುಗಿಸುತ್ತಿದ್ದಳು. “ತುಳೀಲಿ ಬಿಡೋ, ಅದಕ್ಕೇ ತಾನೆ ಹಚ್ಚಿದ್ದು” ಎಂದಳು. ಹಿಂತಿರುಗಿ ನೋಡಿದೆ. ದೇವಸ್ಥಾನದ ಕಡೆಗೆ ಹೋಗುವ ಕಲ್ಲುಹಾಸಿನ ಮೇಲೆ ನಾಲ್ಕೈದು ಹೆಜ್ಜೆಯವರೆಗೂ ಒಂದೇ ಕಾಲಿನ ಕೆಂಪು ಗುರುತು ಮೂಡುತ್ತಾ ಹೋಗಿ, ಆಮೇಲೆ ಮಾಸಿತ್ತು.